ಎಂಜಲು ಚೆಂಡು

ನಾನು ಸಂಬಳಕ್ಕೆ ಚೆಂಡು ಎಸೆದವನು. ಹೀಗೆಂದರೆ ಈಗಿನವರು ನಗುತ್ತಾರೆ. ಐವತ್ತರ ದಶಕದ ಕೊನೆಯಲ್ಲಿ, ಶಿಕಾರಿಪುರದಂಥ ಊರಿನಲ್ಲಿ, ಕ್ರಿಕೆಟ್ ಬೌಲರ್‌ಗೆ ಯಾರಪ್ಪ ಸಂಬಳ ಕೊಡುತ್ತಿದ್ದರು ಅನ್ನುತ್ತಾರೆ. ಕೊಡುತ್ತಿದ್ದರು. ಮೂರು ವರ್ಷ ಅದೇ ನನ್ನ ಕಸುಬು. ಆ ಮೂರು ವರ್ಷ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ವಯಸ್ಸಾದ ಮೇಲೆ ಎಲ್ಲ ಮರೆತುಹೋಗುತ್ತದೆ ಎಂದು ಯಾರೋ ಸುಳ್ಳು ಹೇಳಿದ್ದಾರೆ.

ಅಂಜನಾಪುರದ ನಾಲೆಯ ತುದಿಯಲ್ಲಿ, ನೀರು ಬಂದರೂ ಬಂತು ಇಲ್ಲದಿದ್ದರೂ ಇಲ್ಲ ಎನ್ನುವಂಥ ಹೊಲಗಳಲ್ಲಿ ಜೋಳ ಬೆಳೆಯುತ್ತಿದ್ದರು. ತೆನೆ ಹಾಲುಗಟ್ಟಿದಾಗ ಗಿಳಿ ಕಾಯುವುದು ನಮ್ಮ ಕೇರಿಯವರ ಕೆಲಸ. ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುವುದು. ನನಗೆ ಕವಣೆಯೂ ಬೇಕಿರಲಿಲ್ಲ, ಬರಿಗೈಯಲ್ಲೇ ಕಲ್ಲು ಹೊಡೆದು ಗಿಳಿ ಉರುಳಿಸುತ್ತಿದ್ದೆ. ನನಗಾಗ ಇಪ್ಪತ್ತು ತುಂಬಿತ್ತು. ಒಂದು ದಿನ ಪೇಟೆಯ ಜವಳಿ ಅಂಗಡಿಯ ಯಜಮಾನರು ಹೊಲ ನೋಡಲು ಬಂದರು. ಶಿವಮೊಗ್ಗದಲ್ಲಿ ಓದುವಾಗ ಕ್ರಿಕೆಟ್ ಕಲಿತು, ಊರಿಗೆ ಬಂದು ಒಂದು ಕ್ಲಬ್ ಕಟ್ಟಿ ಅದಕ್ಕೆ ತಾವೇ ಕ್ಯಾಪ್ಟನ್ ಆಗಿದ್ದವರು. ಬೆದರುಬೊಂಬೆಯ ತಲೆಯ ಮಡಕೆ ತೋರಿಸಿ, "ಅದನ್ನ ಒಡೀಲೇ, ನೋಡಾಣ" ಎಂದರು. ಒಡೆದೆ. ಮರುವಾರ ಅವರ ಅಂಗಡಿಯ ಹಿಂದಿನ ದಾಸ್ತಾನು ಕೋಣೆಗೆ ನನ್ನ ಕಂಬಳಿ ಬಂತು.

ಕಲ್ಲು ಹೊಡೆಯುವುದು ಬೇರೆ, ಬೌಲ್ ಮಾಡುವುದು ಬೇರೆ. ಮೊಣಕೈ ಬಾಗಿದರೆ ಅಂಪೈರು ನೋಬಾಲ್ ಎಂದು ಕೈ ಚಾಚುತ್ತಾನೆ. ಅದಕ್ಕೆ ಕ್ಯಾಪ್ಟನ್ ಸಾಹೇಬರು ಮುರಿದ ಮೂಳೆಗೆ ಕಟ್ಟುವ ಹಾಗೆ ನನ್ನ ಕೈಗೆ ಬಿದಿರಿನ ದಬ್ಬೆ ಕಟ್ಟಿಸಿದರು. ಕಟ್ಟಿದ್ದು ಅವರಲ್ಲ, ದೂರ ನಿಂತು ನನ್ನ ಎಡಗೈಯಿಂದಲೇ ಕಟ್ಟಿಸಿದರು. ಎರಡು ತಿಂಗಳು ದಬ್ಬೆ ಕಟ್ಟಿಕೊಂಡೇ ಎಸೆದೆ. ಚರ್ಮ ಸುಲಿಯಿತು. ಕೈ ಮಾತ್ರ ನೆಟ್ಟಗಾಯಿತು. ಆ ವರ್ಷ ಸುತ್ತಿನ ಯಾವ ಊರಿನವರೂ ನನ್ನೆದುರು ನಿಲ್ಲಲಿಲ್ಲ.

ಊಟ ಅವರ ಮನೆಯ ಹಿತ್ತಿಲಲ್ಲಿ. ನನ್ನ ತಟ್ಟೆ ನಾನೇ ತೊಳೆದು ಬೇಲಿಗೆ ಸಿಕ್ಕಿಸಬೇಕು. ನೀರು ಮೇಲಿಂದ ಹೊಯ್ಯುತ್ತಿದ್ದರು, ಬೊಗಸೆಯಲ್ಲಿ ಕುಡಿಯಬೇಕು. ಇದೇ ಮನುಷ್ಯ ಆಗಸ್ಟ್ ಹದಿನೈದಕ್ಕೆ ಖಾದಿ ತೊಟ್ಟು, ಈಸೂರಿನವರ ಹೋರಾಟ ನೆನೆದು, "ನಾವೆಲ್ಲರೂ ಒಂದು" ಎಂದು ಭಾಷಣ ಬಿಗಿಯುತ್ತಿದ್ದರು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಮೈದಾನದಲ್ಲಿ ಮಾತ್ರ ನಾನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಮುಟ್ಟದೆ ಆಡುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ. ಆ ಚೆಂಡು ಚರ್ಮದ್ದು. ಚರ್ಮ ಹದ ಮಾಡುವವರು ಯಾರ ಪೈಕಿ ಎಂದು ಕೇಳಿದ್ದರೆ ನಾನು ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಮೂರನೆಯ ವರ್ಷ ಭದ್ರಾವತಿಯಿಂದ ಒಬ್ಬರು ಬಂದರು. ಅಲ್ಲಿನ ಒಂದು ಕಾರ್ಖಾನೆಯ ತಂಡಕ್ಕೆ ಆಟಗಾರರನ್ನು ಹುಡುಕುವವರು, ತಾವೂ ಹಳೆಯ ಬೌಲರ್. ನಾನು ಎಸೆಯುವುದನ್ನು ಅರ್ಧ ಗಂಟೆ ನೋಡಿ ಹತ್ತಿರ ಬಂದು, "ಒಂದು ಪಕ್ಕಕ್ಕೆ ಉಗುಳು ಹಚ್ಚಿ ಪ್ಯಾಂಟಿಗೆ ಉಜ್ರೀ. ಹೊಳಪು ಬಂದ್ರೆ ಚೆಂಡು ಗಾಳಿಯಲ್ಲಿ ತಿರುಗ್ತದೆ" ಎಂದರು. ಉಜ್ಜಿದೆ. ತಿರುಗಿತು. ನನಗೆ ರೀ ಹಚ್ಚಿ ಮಾತಾಡಿದ ಮೊದಲ ಮನುಷ್ಯ ಅವರು. ಆ ತಂಡದಲ್ಲಿ ಜಾಗ ಸಿಕ್ಕರೆ ಕಾಯಂ ಕೆಲಸ, ಇರಲು ಕ್ವಾರ್ಟರ್ಸು. ಕ್ಯಾಂಟೀನಿನಲ್ಲಿ ಎಲ್ಲರಿಗೂ ಒಂದೇ ಬೆಂಚು ಎಂದು ಅವರ ಬಾಯಿಂದ ಕೇಳಿ ಆ ಬೆಂಚಿನದೇ ಯೋಚನೆ ಹಿಡಿಯಿತು. "ನಮ್ಮ ಮೇಲಿನವರು ಅಂಕಿ ನೋಡ್ತಾರೆ, ಆಟ ನೋಡೋದಿಲ್ಲ. ಸೊರಬದ ಮ್ಯಾಚಿಗೆ ಬರ್ತೀನಿ, ಐದು ವಿಕೆಟ್ ತೆಗೀರಿ" ಎಂದು ಹೇಳಿ ಹೋದರು.

ಅವರ ಬಸ್ಸು ಹೊರಟ ಕೂಡಲೇ ಕ್ಯಾಪ್ಟನ್ ನನ್ನ ಮೇಲೆ ಹರಿಹಾಯ್ದರು. "ಏನ್ಲೇ, ನೀ ಎಂಜಲ ಹಚ್ಚಿದ ಚೆಂಡು ನಾವು ಕೈಯಾಗ ಹಿಡೀಬೇಕೇನು? ಮೈಮ್ಯಾಲೆ ಎಚ್ಚರ ಐತಿಲ್ಲ ನಿನಗ?"

"ಹಂಗ ಮಾಡಿದ್ರ ಚೆಂಡು ತಿರುಗ್ತೈತ್ರೀ, ಯಜಮಾನ್ರ" ಎಂದೆ.

"ತಿರುಗೂದಾದ್ರ ನಾನ ಹಚ್ತೀನಿ, ಕೊಡಿಲ್ಲಿ."

ಹಚ್ಚಿದರು ಕೂಡ. ಅವರ ಉಗುಳು ನನ್ನ ಕೈಗೆ ಬರಬಹುದು, ನನ್ನದು ಅವರ ಕೈಗೆ ಹೋಗಬಾರದು. ಅಷ್ಟಾದರೂ ಆಗಲಿ ಎಂದರೆ, ಅವರ ಬಾಯಲ್ಲಿ ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಎಲೆಅಡಿಕೆ. ಚೆಂಡಿನ ಹೊಲಿಗೆಯೊಳಗೆಲ್ಲ ಅಡಿಕೆ ಚೂರು, ಸುಣ್ಣ. ಹೊಳಪು ಬರುವ ಬದಲು ಜಿಗಟಾಯಿತು. ಆ ಚೆಂಡು ತಿರುಗಲಿಲ್ಲ, ಕೈಯಿಂದ ಜಾರಿ ಎಲ್ಲೆಲ್ಲೋ ಬಿತ್ತು. ಬಿದ್ದಾಗಲೆಲ್ಲ ಬೈಸಿಕೊಂಡವನು ನಾನು.

ಸೊರಬಕ್ಕೆ ಶಿರಾಳಕೊಪ್ಪದ ದಾರಿಯಲ್ಲಿ ಬಸ್ಸಿನಲ್ಲಿ ಹೋದೆವು. ಅವರೆಲ್ಲ ಒಳಗೆ, ನಾನು ಟಾಪಿನ ಮೇಲೆ, ಪಿಚ್ಚಿಗೆ ಹಾಸುವ ನಾರಿನ ಚಾಪೆಯ ಸುರುಳಿ ಹಿಡಿದುಕೊಂಡು. ನಾವು ಮೊದಲು ಆಡಿ ಹೇಗೋ ನೂರು ದಾಟಿಸಿದೆವು. ಸೊರಬದವರು ಆಡತೊಡಗಿದಾಗ ಭದ್ರಾವತಿಯವರು ಹುಣಸೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಪುಸ್ತಕ ಬಿಚ್ಚಿದರು. ಹಣೆಯ ಬೆವರನ್ನೇ ಚೆಂಡಿಗೆ ಸವರಿ ಸವರಿ ನಾಲ್ಕು ವಿಕೆಟ್ ತೆಗೆದೆ. ಉಳಿದ ಬೌಲರುಗಳು ಅದೃಷ್ಟಕ್ಕೆ ಐದು ತೆಗೆದರು. ಕೊನೆಯ ಜೋಡಿ ನಿಂತಿತ್ತು, ಗೆಲ್ಲಲು ಅವರಿಗೆ ಎರಡು ರನ್ ಬೇಕಿತ್ತು. ಚೆಂಡು ನನ್ನ ಕೈಯಲ್ಲಿ. ಈ ಒಂದು ವಿಕೆಟ್ ಬಿದ್ದರೆ ಶಿಕಾರಿಪುರಕ್ಕೆ ಗೆಲುವು, ನನಗೆ ಭದ್ರಾವತಿ.

ಬಿಸಿಲು ಇಳಿದಿತ್ತು. ಬೆವರು ಆರಿತ್ತು. ಓಡಿ ಬರುವ ಮೊದಲು ಬೆನ್ನು ತಿರುಗಿಸಿ ನಿಂತು, ಬೆರಳು ನೆಕ್ಕಿ, ಚೆಂಡಿಗೆ ಚೆನ್ನಾಗಿ ಉಜ್ಜಿದೆ. ಹೌದು, ಬೇಕೆಂದೇ ಮಾಡಿದೆ. ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದು ಮಾತ್ರ ನನ್ನ ದಡ್ಡತನ.

ಅಂಥ ಚೆಂಡು ಹಿಂದೆಯೂ ಎಸೆದಿರಲಿಲ್ಲ, ಮುಂದೆ ಎಸೆಯುವ ಯೋಗವೂ ಬರಲಿಲ್ಲ. ನೆಟ್ಟಗೆ ಹೋಗುತ್ತಿದ್ದದ್ದು ಕೊನೆಯ ಗಳಿಗೆಯಲ್ಲಿ ಹೊರಳಿ ಬ್ಯಾಟಿನ ಅಂಚಿಗೆ ತಗುಲಿತು. ಸ್ಲಿಪ್ಪಿನಲ್ಲಿ ನಿಂತಿದ್ದ ಕ್ಯಾಪ್ಟನ್ ಎದೆಗೆ ಸರಿಯಾಗಿ ಹೋಯಿತು. ಹಾಲು ಕುಡಿಯುವ ಕೂಸೂ ಹಿಡಿಯಬಹುದಾದ ಕ್ಯಾಚು. ಹಿಡಿದೇ ಬಿಟ್ಟರು ಎಂದುಕೊಂಡು ನಾನು ಎರಡೂ ಕೈ ಎತ್ತಿ ಹುಣಸೆಮರದ ಕಡೆಗೆ ತಿರುಗಿದೆ. ಭದ್ರಾವತಿಯವರೂ ನಗುತ್ತಾ ಪೆನ್ನು ತೆಗೆದರು. ಆಮೇಲೆ ಅವರ ಮುಖದಲ್ಲಿ ನಗು ಹೋಯಿತು.

ಹಿಂದೆ ನೋಡಿದೆ. ಮೈಮೇಲೆ ಹಲ್ಲಿ ಬಿದ್ದವರ ಹಾಗೆ ಕ್ಯಾಪ್ಟನ್ ಎರಡೂ ಕೈ ದೂರ ಮಾಡಿಕೊಂಡು ನಿಂತಿದ್ದರು. ಎದೆಗೆ ಬಡಿದ ಚೆಂಡು ಅವರ ಕಾಲ ಬುಡದಲ್ಲೇ ಬಿದ್ದಿತ್ತು. ವಿಕೆಟ್ ಕೀಪರು, ಅವರ ಭಾವಮೈದುನ, ಗವಸು ತೊಟ್ಟ ಕೈ ಚಾಚಿ ಬಗ್ಗಿದರೆ, "ಮುಟ್ಟಬ್ಯಾಡ! ಅವನ ಎಂಜಲಾಗೈತಿ!" ಎಂದು ಇವರು ಕಿರುಚಿದರು. ಅವನು ಬಗ್ಗಿದವನು ಹಾಗೇ ನಿಂತ. ಉಳಿದವರು ಯಜಮಾನರ ಮುಖ ನೋಡುತ್ತಾ ನಿಂತರು. ಸೊರಬದ ಇಬ್ಬರು ಒಂದು ರನ್ ಓಡಿ, ಯಾರೂ ಚೆಂಡೆತ್ತದ್ದು ನೋಡಿ ಮತ್ತೊಂದಕ್ಕೆ ಹೊರಳಿದರು. ನಾನು ಓಡಿದೆ. ನಾನು ಚೆಂಡೆತ್ತುವ ಹೊತ್ತಿಗೆ ಎರಡನೆಯದೂ ಮುಗಿದು ಸೊರಬದವರು ಮೈದಾನಕ್ಕೆ ನುಗ್ಗಿದ್ದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ಗಾದೆಯನ್ನು ನನ್ನೆದುರು ಸುಮ್ಮಸುಮ್ಮನೆ ಆಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಭದ್ರಾವತಿಯವರು ಪುಸ್ತಕ ಮಡಚುತ್ತಾ, "ಏನು ಮಾಡೋದ್ರೀ, ನಾಲ್ಕು ಅಂತಲೇ ಬರೀಬೇಕು" ಎಂದರು. ನೋಡಿದ್ದನ್ನು ಬರೆಯಲು ಅವರ ಪುಸ್ತಕದಲ್ಲಿ ಜಾಗ ಇರಲಿಲ್ಲ. ಔಟಾಗಬೇಕಿದ್ದ ಸೊರಬದ ಬ್ಯಾಟ್ಸ್‌ಮನ್ ಬಂದು, "ಎಂತ ಮಾರಾಯ, ನೀ ನನ್ನ ಔಟ್ ಮಾಡಿದ್ದೆ ಅಲ್ದಾ! ನಿಮ್ಮೋರಿಗೆ ತಲೆ ಸರಿ ಇಲ್ಲ. ಮುಂದಿನ ವರ್ಷ ನಮ್ಮ ಕಡೆಗೆ ಬಾ" ಎಂದು ಚಹಾಕ್ಕೆ ಕರೆದ. ಒಂದು ಕ್ಷಣ ಮನಸ್ಸು ಹಗುರಾಯಿತು. ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಬಂದ ಚಹಾ ನನಗೆ ತೆಂಗಿನ ಕರಟದಲ್ಲಿ ಬಂತು. ಅದನ್ನು ಅವನ ಕಣ್ಣೆದುರೇ ನೆಲಕ್ಕೆ ಚೆಲ್ಲಿದೆ.

ಬಸ್ಸಿಗೆ ಚಾಪೆ ಏರಿಸುವಾಗ ಕ್ಯಾಪ್ಟನ್ ಬಂದರು. ಸೋತ ಸಿಟ್ಟೆಲ್ಲ ನನ್ನ ಮೇಲೆ. "ನಿನ್ನ ದೆಸಿಂದ ಮರ್ಯಾದಿ ಹೋತು. ಆ ಚೆಂಡು ತೊಳದು ಕೊಡು ಇಲ್ಲಿ."

ಅದು ಈ ಮ್ಯಾಚಿಗೆಂದು ಮದರಾಸಿನಿಂದ ತರಿಸಿದ್ದ ಹೊಸ ಚೆಂಡು. ಹಳೆಯದು ಎಲೆಅಡಿಕೆಗೆ ಹಾಳಾಗಿತ್ತು, ಕ್ಲಬ್ಬಿಗೆ ಉಳಿದದ್ದು ಅದೊಂದೇ. ನಾನು ಜೇಬಿನಿಂದ ತೆಗೆದು ಅದರ ಮೇಲೆ ಉಗುಳಿದೆ. ತಿರುಗಿಸಿ ಆ ಕಡೆಗೂ ಉಗುಳಿದೆ. ಆತುರವಿಲ್ಲದೆ, ಹೊಲಿಗೆಯ ಉದ್ದಕ್ಕೂ ಹೆಬ್ಬೆಟ್ಟಿನಿಂದ ಸವರಿ, ಅವರ ಮುಂದೆ ಕೈ ಚಾಚಿದೆ.

"ತಗಳ್ರೀ" ಎಂದೆ.

ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಬಸ್ಸಿನ ಕಿಟಕಿಗಳಲ್ಲಿ ಒಂಬತ್ತು ಮುಖಗಳು. ಒಬ್ಬರೂ ಇಳಿಯಲಿಲ್ಲ.

"ಬ್ಯಾಡ. ನೀನ ಇಟ್ಗಾ, ಹೋಗು" ಎಂದರು.

ಇಟ್ಟುಕೊಂಡೆ. ಶಿರಾಳಕೊಪ್ಪದವರೆಗೆ ನಡೆದು, ಅಲ್ಲಿಂದ ಯಾರದೋ ಗಾಡಿ ಹಿಡಿದು ನಮ್ಮ ಕೇರಿ ಸೇರಿದೆ. ಆ ವರ್ಷ ಶಿಕಾರಿಪುರದಲ್ಲಿ ಮತ್ತೆ ಯಾರೂ ಕ್ರಿಕೆಟ್ ಆಡಲಿಲ್ಲ.