ಸಿದ್ದಲಿಂಗಪ್ಪನವರ ಅಂಗಡಿಗೆ ಬಂದ ಸಡಿಲ ಚೋಕ್

ಪುಣೆಯ ಗಂಜ ಪೇಟೆಯ ಒಂದು ಸಂದಿಯಲ್ಲಿ ಸಿದ್ದಲಿಂಗಪ್ಪನವರ ಬಂದೂಕು ರಿಪೇರಿ ಅಂಗಡಿಯಿದೆ. ಬೈಲಹೊಂಗಲದ ಕಡೆಯವರು. ಭೋಸರಿಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಲೇತ್ ನಡೆಸಿ, ಆಮೇಲೆ ಒಬ್ಬ ಮುದಿ ಉಸ್ತಾದರ ಹತ್ತಿರ ಈ ಕೆಲಸ ಕಲಿತು, ಸರಕಾರದ ಪರವಾನಗಿ ಪಡೆದರು. ಸಂಶಯ ಅವರ ಹುಟ್ಟುಗುಣವೋ, ಕಸುಬಿನಿಂದ ಬಂದದ್ದೋ ಹೇಳುವುದು ಕಷ್ಟ. ಹಾಲಿನವನು ತಾನಾಗಿಯೇ ಇವತ್ತಿನ ಹಾಲು ಚೆನ್ನಾಗಿದೆ ಎಂದರೆ ಅಂದು ಹಾಲು ಕೊಳ್ಳುತ್ತಿರಲಿಲ್ಲ. ಹೆಂಡತಿ ಭೀಮವ್ವ ನಗುತ್ತಿದ್ದರು. ಬಂದೂಕು ಹಿಡಿದು ಬರುವವರಲ್ಲಿ ಅರ್ಧ ಜನ ಅರ್ಧ ಸತ್ಯ ಹೇಳುತ್ತಾರೆ, ಉಳಿದವರು ಅದನ್ನೂ ಹೇಳುವುದಿಲ್ಲ ಎಂಬುದು ಸಿದ್ದಲಿಂಗಪ್ಪನವರ ವಾದ.

ಹೋದ ವರ್ಷ ಕಬ್ಬು ಕಡಿಯುವ ದಿನಗಳಲ್ಲಿ ಪುಣೆ ಜಿಲ್ಲೆಯ ಶಿರೂರಿನ ಕಡೆಯಿಂದ ಒಂದು ಜೋಡಿ ಬಂತು. ಗಂಡ ಕೃಷ್ಣಾಜಿ, ಮೂಲ ಧಾರವಾಡ. ಪುಣೆಯಲ್ಲಿ ಗುಮಾಸ್ತಿಕೆ ಮುಗಿಸಿ ಈಗ ಹೊಲ ನೋಡಿಕೊಂಡಿದ್ದರು. ಹೆಂಡತಿ ಇಂದೂ. ಮರಾಠಿಯಲ್ಲಿ ಮಾತು ತೆಗೆದ ಕೃಷ್ಣಾಜಿ, ಗೋಡೆಯ ಮೇಲಿನ ಬಸವಣ್ಣನ ಪಟ ಕಂಡು ಕನ್ನಡಕ್ಕೆ ಹೊರಳಿದರು. ಸಿದ್ದಲಿಂಗಪ್ಪನವರಿಗೆ ಅದೂ ಹಿಡಿಸಲಿಲ್ಲ. ಅಂಗಡಿಯಲ್ಲಿ ಕನ್ನಡ ಎತ್ತುವವರಿಗೆ ಏನೋ ಒಂದು ರಿಯಾಯಿತಿ ಬೇಕಾಗಿರುತ್ತದೆ ಎಂದು ಅವರ ಅನುಭವ.

ಬಂದೂಕು ಕೃಷ್ಣಾಜಿಯವರ ತಂದೆಯ ಕಾಲದ ಒಂಟಿ ನಳಿಗೆಯದು. ಅದರ ತುದಿಯಲ್ಲಿ ಚೋಕ್ ಇತ್ತು. ಹಾರುವ ಚರೆಗಳು, ಅಂದರೆ ಸೀಸದ ಸಣ್ಣ ಗುಂಡುಗಳು, ಬೇಗ ಚೆದುರಬಾರದೆಂದು ನಳಿಗೆಯ ಬಾಯಿಯನ್ನು ಕೊಂಚ ಕಿರಿದು ಮಾಡುವ ತುಂಡು ಅದು. ಇದರಲ್ಲಿ ಅದನ್ನು ಬೇರೆಯಾಗಿ ಮಾಡಿ ತಿರುಪಿನಿಂದ ಕೂರಿಸಿದ್ದರು. ಈಗ ಬೆರಳು ತಾಗಿದರೆ ಅಲುಗುತ್ತಿತ್ತು. ಕಾಡುಹಂದಿ ಓಡಿಸಲು ಹಾರಿಸಿ ಹಾರಿಸಿ ಸಡಿಲಾಯಿತು ಎಂದರು ಕೃಷ್ಣಾಜಿ.

ಸಿದ್ದಲಿಂಗಪ್ಪ ಪರವಾನಗಿಯ ನಂಬರನ್ನು ನಳಿಗೆಯ ನಂಬರಿಗೆ ಹೋಲಿಸಿದರು. ಸರಿಯಿತ್ತು. ಬಂದೂಕು ಖಾಲಿಯಿದೆಯೆಂದು ಖಾತ್ರಿ ಮಾಡಿಕೊಂಡು ಚೋಕ್ ಬಿಚ್ಚಿದರು. ತಿರುಪು ಸವೆದಿರಲಿಲ್ಲ. ಹೊರಮೈ ಮೇಲೆ ಪಕ್ಕಡ, ಅಂದರೆ ಇಕ್ಕಳ, ಹಿಡಿದ ಹೊಸ ಗುರುತು. ಒಳಗೆ ಬಿಳಿ ಪುಡಿ. ಮೂಸಿದರೆ ಬಟ್ಟೆ ಸೋಪಿನ ವಾಸನೆ.

ಇದು ತಾನಾಗಿ ಸಡಿಲಾದದ್ದಲ್ಲ, ಯಾರೋ ಬಿಚ್ಚಿದ್ದಾರೆ ಎಂದು ಸಿದ್ದಲಿಂಗಪ್ಪ ಹೇಳಿದರು. ಬೇರೆ ನಳಿಗೆ ಹಾಕಿಸಿಕೊಳ್ಳಲು ನೆಪ ಬೇಕೆಂದು ಕೃಷ್ಣಾಜಿಯೇ ಬಿಚ್ಚಿದ್ದಾರೆ ಎಂಬ ಅನುಮಾನ ಅವರಿಗೆ. ಆದರೆ ಕೃಷ್ಣಾಜಿಯವರ ಮುಖ ಕೆಂಪಾಯಿತು. ಇದು ಹೊಲದ ಆಳು ಮಾಂತೂನದೇ ಕೆಲಸ ಎಂದರು. ಬಾವಿಯ ನೀರಿನ ಪಾಳಿಗಾಗಿ ಪಕ್ಕದ ಹೊಲದ ಮನೋಹರನ ಜೊತೆ ಅವರಿಗೆ ಜಗಳ ನಡೆದಿತ್ತು. ಮನೋಹರ ಮಾಂತೂನನ್ನು ತನ್ನ ಕಡೆ ಮಾಡಿಕೊಂಡು ಬಂದೂಕು ಕೆಡಿಸಿದ್ದಾನೆ, ಇಲ್ಲಿಂದ ನೇರ ಪೊಲೀಸ್ ಠಾಣೆಗೇ ಹೋಗುತ್ತೇನೆ ಎಂದು ಎದ್ದು ನಿಂತರು.

ಆಗ ಇಂದೂ ಬಾಯಿ ಬಿಟ್ಟರು.

"ಮಾಂತೂ ಏನೂ ಮಾಡಿಲ್ರಿ. ನಾನ ಸಡಿಲ ಮಾಡೇನಿ."

ಜಗಳವಾದ ದಿನದಿಂದ ಗಂಡ ಬಂದೂಕನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು, ನಾಯಿ ಬೊಗಳಿದರೂ ಹಿಡಿದು ಹೊರಗೆ ಹೋಗುತ್ತಿದ್ದರು. ಒಂದು ದಿನ ಸಿಟ್ಟಿನಲ್ಲಿ ಮನುಷ್ಯನ ಮೇಲೇ ಹಾರಿಸಿಬಿಟ್ಟರೆ ಎಂದು ಆಕೆಗೆ ಹೆದರಿಕೆ. ಬಂದೂಕು ಕೆಟ್ಟರೆ ರಿಪೇರಿಗೆ ಹೋಗುತ್ತದೆ, ಅಷ್ಟರೊಳಗೆ ಸಿಟ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿದ್ದರು. ಇದನ್ನೆಲ್ಲ ಗಂಡನ ಕಡೆ ನೋಡದೆ ಹೇಳಿದರು.

ಸಿದ್ದಲಿಂಗಪ್ಪ ಅದನ್ನೂ ನಂಬಲಿಲ್ಲ. ಆಳನ್ನು ಉಳಿಸಲು ಈಕೆ ತಪ್ಪು ಮೈಮೇಲೆ ಹಾಕಿಕೊಳ್ಳುತ್ತಿರಬಹುದು. ಚೋಕನ್ನು ಬಿಗಿಯಾಗಿ ಕೂರಿಸಿ, ಪಕ್ಕಡ ಕೊಟ್ಟು, ಬಿಚ್ಚಿ ತೋರಿಸಲು ಹೇಳಿದರು. ಇಂದೂ ಈ ಸಲ ಗುರುತು ಬೀಳದಿರಲೆಂದು ಸೆರಗಿನ ತುದಿಯನ್ನು ಚೋಕಿಗೆ ಸುತ್ತಿ, ನಳಿಗೆಯನ್ನು ಮೊಣಕಾಲಿನ ನಡುವೆ ಒತ್ತಿ ಹಿಡಿದು ಪಕ್ಕಡದಿಂದ ತಿರುಗಿಸಿದರು. ಅದು ಬಿಟ್ಟಿತು. ಸೋಪು ಇದ್ದಿದ್ದರೆ ಇನ್ನೂ ಸಲೀಸು ಎಂದರು.

ಅಷ್ಟಾದ ಮೇಲೆ ಸಿದ್ದಲಿಂಗಪ್ಪ ಹೇಳಲೇಬೇಕಾದ್ದನ್ನು ಹೇಳಿದರು. ಚೋಕ್ ಅರ್ಧ ಸಡಿಲ ಇದ್ದಾಗ ಹಾರಿಸಿದರೆ ಚರೆ ಅದರ ಅಂಚಿಗೆ ಬಡಿದು ನಳಿಗೆಯ ತುದಿ ಸಿಡಿಯಬಹುದು. ಹಾರಿಸಿದವನ ಕೈ, ಕಣ್ಣು ಹೋಗಬಹುದು.

ಇಂದೂ ಕೈಯಲ್ಲಿದ್ದ ಪಕ್ಕಡವನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಕೃಷ್ಣಾಜಿ ಹೆಂಡತಿಯನ್ನು ಹೊಸಬರನ್ನು ನೋಡುವಂತೆ ನೋಡಿದರು.

"ಇದು ನಿನಗ ಗೊತ್ತಿತ್ತೇನು?"

"ಇಲ್ರಿ" ಎಂದರು ಇಂದೂ. "ಗೊತ್ತಿದ್ರ ಮುಟ್ಟತಿದ್ದಿಲ್ಲ."

ಕೃಷ್ಣಾಜಿ ಮತ್ತೆ ಕೇಳಲಿಲ್ಲ. ಆದರೆ ನಂಬಿದೆ ಎಂದೂ ಹೇಳಲಿಲ್ಲ. ಸಿದ್ದಲಿಂಗಪ್ಪ ತಲೆ ತಗ್ಗಿಸಿ ಕೆಲಸ ಹಿಡಿದರು. ಸೋಪು ತೊಳೆದು, ತಿರುಪನ್ನು ಸಣ್ಣ ಬ್ರಶ್ಶಿನಿಂದ ಉಜ್ಜಿ, ಪಕ್ಕಡದಿಂದ ಎದ್ದ ಲೋಹದ ಮುಳ್ಳನ್ನು ಕಾನಸಿನಿಂದ ತಿಕ್ಕಿ ತೆಗೆದು, ತೆಳ್ಳಗೆ ಎಣ್ಣೆ ಸವರಿ ಚೋಕನ್ನು ಕೊನೆಯವರೆಗೆ ಬಿಗಿದರು. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಎಲ್ಲೂ ಉಬ್ಬಿರಲಿಲ್ಲ, ಚೋಕ್ ನೆಟ್ಟಗೆ ಕೂತಿತ್ತು.

ಬಂದೂಕು ಕೈಗೆ ಕೊಡಲು ಹೋದಾಗ ಕೃಷ್ಣಾಜಿ ತೆಗೆದುಕೊಳ್ಳಲಿಲ್ಲ. ಕಾನೂನಿನ ಪ್ರಕಾರ ನಿಮ್ಮಲ್ಲೇ ಠೇವಣಿ ಇಟ್ಟುಕೊಳ್ಳಲು ಬರುತ್ತದೆಯೇ ಎಂದು ವಿಚಾರಿಸಿದರು. ಬರುತ್ತದೆ ಎಂದಾಗ ಸಹಿ ಮಾಡಿ ಇಟ್ಟರು. ಠಾಣೆಯ ಮಾತು ಮತ್ತೆ ಏಳಲಿಲ್ಲ. ಅವರು ತಮ್ಮ ಸಿಟ್ಟಿಗೆ ಹೆದರಿ ಬಿಟ್ಟು ಹೋದರೋ, ಹೆಂಡತಿಯ ಕೈಗೆ ಹೆದರಿಯೋ ಸಿದ್ದಲಿಂಗಪ್ಪನವರಿಗೆ ತಿಳಿಯಲಿಲ್ಲ.

ಬೇಸಿಗೆ ಕಳೆದ ಮೇಲೆ ಇಬ್ಬರೂ ಮತ್ತೆ ಬಂದು, ಬಂದೂಕು ಮಾರಿಸಿಕೊಡಿ ಎಂದರು. ನೀರಿನ ಪಾಳಿಯ ಜಗಳವನ್ನು ಊರವರು ಕೂತು ಇತ್ಯರ್ಥ ಮಾಡಿದ್ದರು. ಮಾಂತೂ ಅಲ್ಲೇ ಕೆಲಸಕ್ಕಿದ್ದ. ಸಿದ್ದಲಿಂಗಪ್ಪ ಚಹಾ ತರಿಸಿದರು. ಕೃಷ್ಣಾಜಿ ಮೊದಲ ಲೋಟವನ್ನು ಹೆಂಡತಿಗೆ ಕೊಟ್ಟು, ಆಕೆ ಗುಟುಕರಿಸಿದ ಮೇಲೆ ತಮ್ಮದನ್ನು ಎತ್ತಿಕೊಂಡರು.

ಮನೆಗೆ ಬಂದು ಇದನ್ನು ಹೇಳಿ, ಕೃಷ್ಣಾಜಿಗೆ ಹೆಂಡತಿಯ ಮೇಲೆ ಇನ್ನೂ ಅನುಮಾನವಿದೆ ಎಂದಾಗ ಭೀಮವ್ವ, ಅದು ಹೆಂಡತಿಯ ಮೇಲಿನ ಪ್ರೀತಿ, ನಿಮಗೆ ಅಷ್ಟೂ ತಿಳಿಯುವುದಿಲ್ಲ ಎಂದರು. ಸಿದ್ದಲಿಂಗಪ್ಪ ಇದ್ದರೂ ಇರಬಹುದು ಎಂದರು.