ಮಧ್ಯಾಹ್ನದ ನಕಲಿಗೆ ಮೊದಲು

ನಮ್ಮ ಚಿಕ್ಕಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅಮ್ಮ, "ಹೆಸರು ಕಾಯೋದು" ಎನ್ನುತ್ತಾಳೆ. ತಮಾಷೆಗೆ ಹೇಳಿದರೂ ಅದು ಸುಳ್ಳಲ್ಲ. ದೊಡ್ಡ ಆಸ್ಪತ್ರೆಯಲ್ಲೂ ಅದರ ಮೂರು ಶಾಖೆಗಳಲ್ಲೂ ಒಂದೊಂದು ಸರ್ವರ್ ಇದೆ. ಯಾವ ಸಿಬ್ಬಂದಿ ಕಂಪ್ಯೂಟರ್ ತೆರೆಯಬಹುದೋ ಅವರ ಹೆಸರುಗಳೆಲ್ಲ ಅವುಗಳಲ್ಲಿರುತ್ತವೆ. ಒಂದರಲ್ಲಿ ಬದಲಾದದ್ದು ಉಳಿದವಕ್ಕೂ ನಕಲಾಗಬೇಕು. ಯಾವುದರಿಂದ ಯಾವುದಕ್ಕೆ, ಎಷ್ಟು ಹೊತ್ತಿಗೆ ಎಂದು ಗೊತ್ತುಮಾಡುವವಳು ಚಿಕ್ಕಮ್ಮ. ಹತ್ತಿರದ ಎರಡು ಶಾಖೆಗಳಿಗೆ ನಕಲು ಆಗಿಂದಾಗಲೇ ಹೋಗುತ್ತದೆ. ಗುಡ್ಡದಾಚೆಯ ಶಾಖೆಯ ಲೈನು ಬಡಕಲು. ಬೆಳಿಗ್ಗೆಯೆಲ್ಲ ಎಕ್ಸ್‌ರೇ ಚಿತ್ರಗಳನ್ನು ಹೊತ್ತೇ ಏದುಸಿರು ಬಿಡುತ್ತದೆ. ಹಾಗಾಗಿ ಅಲ್ಲಿಗೆ ಊಟದ ಹೊತ್ತಿನಲ್ಲಿ ಮಾತ್ರ.

ಬಾಗಿಲಿಗೆ ಬೀಗ ಹಾಕಿ ಮತ್ತೆ ಮತ್ತೆ ಜಗ್ಗಿ ನೋಡುವ ಹೆಂಗಸು ಅವಳು. ಅಂಥವಳ ಕೈಯಲ್ಲೇ ಅದು ನಡೆಯಿತು. ಕೆಲಸ ಬಿಟ್ಟುಹೋದ ನರ್ಸುಗಳ ಹೆಸರು ಅಳಿಸುವಾಗ ಅವರಿದ್ದ ಒಳಗಿನ ಗುಂಪಿನ ಬದಲು ಅದರ ಮೇಲಿನ ಇಡೀ ಗುಂಪನ್ನೇ ಆರಿಸಿದ್ದಳು. ನರ್ಸುಗಳೆಲ್ಲರ ಹೆಸರೂ ಹೋಯಿತು. ಖಚಿತವೇ ಎಂದು ಯಂತ್ರ ಕೇಳಿದಾಗ ಹೌದೆಂದವಳೂ ಅವಳೇ.

ಚಹಾಕ್ಕೆ ಎದ್ದುಹೋದ ನರ್ಸುಗಳು ಮರಳಿ ಬಂದರೆ ಕಂಪ್ಯೂಟರ್ ಗುರುತೇ ಹಿಡಿಯಲಿಲ್ಲ. ಯಾವ ರೋಗಿಗೆ ಯಾವ ಔಷಧಿ ಎಂಬುದೆಲ್ಲ ಒಳಗೇ ಉಳಿಯಿತು. ಹಳೆಯ ಪ್ರತಿ ಕಾಪಿಡುವ ಬ್ಯಾಕಪ್ ಯಂತ್ರ ರಿಪೇರಿಗೆ ಹೋಗಿತ್ತು. ಹೆಸರುಗಳು ಇನ್ನೂ ಇದ್ದದ್ದು ಗುಡ್ಡದಾಚೆ ಮಾತ್ರ, ಅದೂ ಊಟದ ಹೊತ್ತಿನವರೆಗೆ. ಆಮೇಲೆ ಅಳಿಸಿದ್ದೂ ಅಷ್ಟೇ ನಿಷ್ಠೆಯಿಂದ ಅಲ್ಲಿಗೆ ನಕಲಾಗುತ್ತದೆ. ಕೂತಲ್ಲಿಂದಲೇ ಅದನ್ನು ನಿಲ್ಲಿಸಬಹುದಿತ್ತು. ಆದರೆ ತನ್ನ ಬೆರಳುಗಳನ್ನು ಇನ್ನೊಮ್ಮೆ ನಂಬುವ ಧೈರ್ಯ ಅವಳಿಗಿರಲಿಲ್ಲ. ಅಲ್ಲಿಗೆ ಫೋನು ಮಾಡಿದಳು. ಎತ್ತಿದವರು ಔಷಧಿ ಕೊಡುವ ಹಿರಿಯರು.

"ಅಣ್ಣಾ, ಸರ್ವರ್ ಹಿಂದೆ ಒಂದು ಹಳದಿ ವೈರು ಇದೆ. ಕಿತ್ತುಬಿಡಿ."

"ಅದನ್ನ ಮುಟ್ಟಿದೋರ ಕೈ ಮುರೀತೀನಿ ಅಂತ ಬರೆದು ಅಂಟಿಸಿದ್ದು ನೀನೇ ಅಲ್ವೇನಮ್ಮಾ?"

"ನಾನೇ. ಈಗ ಕೀಳಿ ಅಂತಿರೋದೂ ನಾನೇ."

ಆಮೇಲೆ ಆಸ್ಪತ್ರೆಯ ದೊಡ್ಡ ಸಾಹೇಬರ ಬಳಿ ಹೋಗಿ ತಪ್ಪು ತನ್ನದೆಂದಳು. ಅವರು ಬೈಯಲಿಲ್ಲ, ಗಡಿಯಾರ ನೋಡಿ ಗುಡ್ಡದಾಚೆ ಹೋಗಲು ಕಾರು ಕೊಟ್ಟರು. ಬೈದಿದ್ದರೇ ವಾಸಿಯಿತ್ತು ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾಳೆ. ಹಿರಿಯರು ಕಿತ್ತದ್ದು ಸರಿಯಾದ ವೈರೋ ಅಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತಲೇ ಇದ್ದಳು. ಹೋಗಿ ನೋಡಿದರೆ ಹಿರಿಯರು ಸರ್ವರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ವೈರಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಊಟಕ್ಕೂ ಎದ್ದಿರಲಿಲ್ಲ.

ಇಲ್ಲಿರುವ ಹೆಸರುಗಳೇ ನಿಜ, ಉಳಿದ ಸರ್ವರುಗಳೆಲ್ಲ ಇವನ್ನೇ ಒಪ್ಪಬೇಕು ಎಂದು ಆ ಸರ್ವರಿಗೆ ಹೇಳಬೇಕಿತ್ತು. ಚಿಕ್ಕಮ್ಮ ಪ್ರತಿ ಸಾಲನ್ನೂ ಟೈಪು ಮಾಡಿ, ಗಟ್ಟಿಯಾಗಿ ಓದಿ, ಪರದೆಯ ಮೇಲೂ ಅದೇ ಇದೆಯೇ ಎಂದು ಹಿರಿಯರಿಂದ ಹೇಳಿಸಿಕೊಂಡೇ ಮುಂದಿನ ಗುಂಡಿ ಒತ್ತಿದಳು. ಕೊನೆಗೆ ವೈರು ಸಿಕ್ಕಿಸಿದರು. ಇನ್ನು ಹೆಸರುಗಳು ಇಲ್ಲಿಂದ ಹೋಗಬೇಕು, ಇಲ್ಲವೇ ಅಲ್ಲಿನ ಖಾಲಿತನ ಇಲ್ಲಿಗೆ ಬರಬೇಕು.

ದೊಡ್ಡ ಆಸ್ಪತ್ರೆಯ ಮುಖ್ಯ ನರ್ಸಿಗೆ ಫೋನು ಹಚ್ಚಿದಳು. ಆಕೆ ಕಂಪ್ಯೂಟರ್ ತೆರೆಯಲು ಪ್ರಯತ್ನಿಸಿ, ಇನ್ನೂ ಇಲ್ಲವೆಂದರು. ಸ್ವಲ್ಪ ತಡೆದು ಮತ್ತೂ ಇಲ್ಲವೆಂದರು. ಚಿಕ್ಕಮ್ಮ ಗೋಡೆಗೆ ಒರಗಿದಳು.

"ಬಿಡ್ತು ಕಣೇ ಒಳಗೆ. ಇನ್ನು ಫೋನಿಡು, ನನ್ಗೆ ತುಂಬಾ ಕೆಲ್ಸ ಇದೆ."

ಚಿಕ್ಕಮ್ಮ ಹಿಗ್ಗಲಿಲ್ಲ. ಉಳಿದೆರಡು ಶಾಖೆಗಳಿಗೂ ಫೋನು ಮಾಡಿ, ಒಬ್ಬೊಬ್ಬ ನರ್ಸಿನಿಂದಲೂ ಒಳಗೆ ಬಂದೆನೆಂದು ಹೇಳಿಸಿಕೊಂಡ ಮೇಲೆಯೇ ಕುಡಿಯಲು ನೀರು ಕೇಳಿದಳು.