ಅಡಕಲಿನ ತಳದ ಗಡಿಗೆ

ಹುಳ ಹಿಡಿದ ಅವರೆಕಾಳಿಗೆ ಒಂದು ವಾಸನೆ ಇದೆ. ಹಳೆಯ ಗೋಣಿಚೀಲದ ಧೂಳು, ಮುಗ್ಗಿದ ಹಿಟ್ಟು, ಅದರ ಹಿಂದೆ ಎಲ್ಲೋ ಒಂದಿಷ್ಟು ಹುಳಿ. ಒಮ್ಮೆ ಮೂಗಿಗೆ ಹೊಕ್ಕರೆ ದಿನವೆಲ್ಲ ಬಿಡುವುದಿಲ್ಲ. ಹೋದ ತಿಂಗಳು ನಮ್ಮ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಅದೇ ವಾಸನೆ ಮತ್ತೆ ಸಿಕ್ಕಿತು. ತುಮಕೂರಿನ ಆಚೆ ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಡಬ್ಬಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ದಿನಸಿ ಅಂಗಡಿಯವರು ಮೂಟೆಗಟ್ಟಲೆ ಕಾಳು ತುಂಬಿಡುವ ಡಬ್ಬ. ಒಂದರ ಮೇಲೊಂದು ಪೇರಿಸಿದರೆ ಅಲುಗಾಡಬಾರದು, ಕಾಳು ಕೆಡಬಾರದು, ಮೇಲಿನವನ್ನು ಇಳಿಸದೆಯೇ ಕೆಳಗಿನದಕ್ಕೆ ಕೈ ಹಾಕಲು ಬರಬೇಕು. ಈ ಕೊನೆಯದಕ್ಕಾಗಿ ಡಬ್ಬದ ಹೊಟ್ಟೆಗೆ ಒಂದು ಪುಟ್ಟ ಬಾಗಿಲಿಟ್ಟು, ಸುತ್ತ ರಬ್ಬರ್ ಪಟ್ಟಿ ಕೂರಿಸಿ, ಐದು ಡಬ್ಬಗಳಲ್ಲಿ ಅವರೆ ತುಂಬಿ ನಾಲ್ಕು ತಿಂಗಳು ಇಟ್ಟಿದ್ದೆ. ಎಲ್ಲಕ್ಕಿಂತ ಕೆಳಗಿನದರ ಬಾಗಿಲು ತೆಗೆದೆ. ವಾಸನೆ ಬಂತು. ಕೈಗೆ ಕಾಳಿನ ಬದಲು ಪುಡಿ ಬಂತು. ಮಾಲೀಕರು ಬಗ್ಗಿ ನೋಡಿ, "ಇಷ್ಟಕ್ಕೆಲ್ಲ ಮುಖ ಯಾಕೆ ಹಂಗ್ ಮಾಡ್ತೀರಿ ಮೇಡಂ, ರಬ್ಬರ್ ಬದಲಾಯ್ಸಿ" ಎಂದು ಹೋದರು. ನಾನು ಮಾತ್ರ ಆ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಎಷ್ಟು ಸಲ ನಡೆದೆನೋ ಲೆಕ್ಕವಿಲ್ಲ.

ಸುಮ್ಮನೆ ಕೂರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಊಟಕ್ಕೆ ಕೂತರೂ ಮಧ್ಯೆ ಎರಡು ಸಲ ಏಳುತ್ತೇನೆ, ಬಸ್ಸಿನಲ್ಲಿ ಮೂರು ಸೀಟು ಬದಲಾಯಿಸುತ್ತೇನೆ. ಅಪ್ಪನ ತಾಯಿ, ನಮ್ಮ ಅಜ್ಜಿ, ಇದನ್ನು ಊರಿಗೆಲ್ಲ ಸಾರಿದ್ದಳು. "ಕುಂತ ತಾವ ಕುಂತ್ಕಳಕ್ಕಿಲ್ಲ ಈ ಮುಂಡೇದು, ಅಂಡಿಗೆ ಮುಳ್ಳು ಚುಚ್ಚೈತೋ ಏನೋ" ಎನ್ನುತ್ತಿದ್ದಳು, ಮತ್ತು ಹಾಗೆನ್ನುತ್ತಲೇ ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಮಧುಗಿರಿ ಬೆಟ್ಟದ ನೆರಳು ಸಂಜೆ ಹೊತ್ತಿಗೆ ಹೊಲದವರೆಗೂ ಚಾಚುವ ಊರು ನಮ್ಮದು. ಮನೆಯಲ್ಲಿ ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕಮ್ಮ, ನಾನು. ಎಲ್ಲರ ಮೇಲೆ ಅಜ್ಜಿ. ಅಜ್ಜಿಗಿಂತ ಮೇಲೆ ಅವಳ ಅಡಕಲು.

ಅಡಕಲು ನಿಮ್ಮ ಮನೆಯಲ್ಲೂ ಇದ್ದಿರಬಹುದು, ಇಲ್ಲದಿದ್ದರೆ ನಿಮ್ಮ ಅವ್ವನನ್ನು ಕೇಳಿ. ನಡುಮನೆಯ ಹಿಂದಿನ ಕತ್ತಲೆ ಕೋಣೆಯ ಮೂಲೆಯಲ್ಲಿ, ಹುಲ್ಲಿನ ಸಿಂಬೆಯ ಮೇಲೆ ಒಂದು ದೊಡ್ಡ ಮಣ್ಣಿನ ಗಡಿಗೆ, ಅದರ ಬಾಯಿಯ ಮೇಲೆ ಅದಕ್ಕಿಂತ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು. ಹೀಗೆ ಏಳು. ಮೇಲಿನ ಗಡಿಗೆಯ ತಳವೇ ಕೆಳಗಿನದಕ್ಕೆ ಮುಚ್ಚಳ. ಇವತ್ತು ನಾನು ಕಂಪ್ಯೂಟರಿನಲ್ಲಿ ಕೂದಲೆಳೆಯಷ್ಟು ಅಳತೆ ಹಿಡಿದು ಮಾಡುವುದನ್ನು ನಮ್ಮೂರ ಕುಂಬಾರ ಕಣ್ಣಳತೆಯಲ್ಲಿ ಮಾಡಿ ಬಂಡಿಯಲ್ಲಿ ತಂದು ಇಳಿಸಿದ್ದ. ತುದಿಯಲ್ಲಿ ಸಾಸಿವೆ ಮೆಂತ್ಯ, ಅದರ ಕೆಳಗೆ ಒಣಮೆಣಸಿನಕಾಯಿ, ಹುಣಸೆಹಣ್ಣು, ಅಲಸಂದೆ, ಹುರುಳಿ, ತೊಗರಿ. ದಿನಾ ಬೇಕಾದದ್ದು ಕೈಗೆಟುಕುವಂತೆ, ಅಪರೂಪಕ್ಕೆ ಬೇಕಾದದ್ದು ಕೆಳಗೆ. ಕಟ್ಟಕಡೆಯದರಲ್ಲಿ ಬಿತ್ತನೆಯ ಅವರೆ. ಅದಕ್ಕೆ ಮಾತ್ರ ಬೇರೆ ಮುಚ್ಚಳವಿತ್ತು, ಮುಚ್ಚಳದ ಸುತ್ತ ಕೆಮ್ಮಣ್ಣು ಸಗಣಿ ಕಲಸಿ ಮೆತ್ತುತ್ತಿದ್ದರು. ಆರು ಗಡಿಗೆ ಇಳಿಸದೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಕೈಗೆ ಸಿಗಬಾರದೆಂದೇ ಅದನ್ನು ಅಲ್ಲಿಟ್ಟಿದ್ದರೆಂಬುದು ನನ್ನ ತಲೆಗೆ ಹೋಗಲಿಲ್ಲ, ನನಗಾಗ ಒಂಬತ್ತು ವರ್ಷ.

ಆ ಅವರೆ ಅಜ್ಜಿಯ ತವರಿನದು. ಬುಕ್ಕಾಪಟ್ಟಣದ ಕಡೆಯ ಕುರುಚಲು ಕಾಡಿನಂಚಿನ ಊರಿಂದ ಮದುವೆಯಾಗಿ ಬರುವಾಗ ಮಡಿಲಲ್ಲಿ ಕಟ್ಟಿಕೊಂಡು ಬಂದದ್ದಂತೆ. ರಾಗಿಯ ನಡುವೆ ಸಾಲು ಬಿಟ್ಟು ಅದನ್ನು ಬಿತ್ತುತ್ತಿದ್ದರು. ಕಾಳು ಸಣ್ಣದು, ನೋಡಲು ಏನೂ ಚಂದವಿಲ್ಲ. ಆದರೆ ಮಾಗಿಯ ಚಳಿಯಲ್ಲಿ ಕಾಯಿ ಬಿಡಿಸಲು ಕೂತರೆ ಅದರ ಸೊಗಡು ಬೆರಳಿಗೆ ಅಂಟಿ, ಎರಡು ದಿನ ಕೈ ತೊಳೆದರೂ ಹೋಗುತ್ತಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಬೀಜದ ಕಾಳನ್ನು ಏಳು ಬಿಸಿಲು ಒಣಗಿಸಿ, ಹಲ್ಲಲ್ಲಿ ಕಡಿದು ಕಟಮ್ಮನೆ ಅಂದರೆ ಮಾತ್ರ ಹರಳೆಣ್ಣೆ ಸವರಿ, ಬೇವಿನ ಸೊಪ್ಪು, ಒಲೆಬೂದಿ ಹಾಕಿ ತುಂಬುತ್ತಿದ್ದಳು. ಮಿಕ್ಕ ಒಂದು ಹಿಡಿಯನ್ನು ಹುರಿದು ನನ್ನ ಲಂಗದ ಮಡಿಲಿಗೆ ಸುರಿಯುತ್ತಿದ್ದಳು. ವರ್ಷಕ್ಕೆ ಒಂದೇ ಹಿಡಿ. ಅದು ಮುಗಿದ ಮರುಗಳಿಗೆಯಿಂದ ಮುಂದಿನ ವರ್ಷದವರೆಗೂ ನನಗೆ ಅದರದೇ ಚಿಂತೆ.

ಆ ವರ್ಷ ಬೇಸಿಗೆ ರಜೆಯಲ್ಲಿ ಅಜ್ಜಿಗೆ ಸೊಂಟ ಹಿಡಿದುಕೊಂಡಿತ್ತು. ಗಡಿಗೆ ಇಳಿಸಿ ಏರಿಸುವುದು ಇವಳಿಗೆ ಎಷ್ಟು ಕಷ್ಟ, ಕೆಳಗಿನ ಗಡಿಗೆಗೆ ಪಕ್ಕದಲ್ಲೇ ಒಂದು ದಾರಿ ಮಾಡಿದರೆ ಆಯಿತಲ್ಲ ಎಂದು ನನಗೆ ಹೊಳೆಯಿತು. ಅಜ್ಜಿಯ ಸೊಂಟ ನೆಪ, ನನ್ನ ನಾಲಿಗೆಯೇ ಕಾರಣ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಚಿಕ್ಕಪ್ಪ ನೇಗಿಲಿಗೆ ತೂತು ಹಾಕುವ ಬೈರಿಗೆಯನ್ನು ಕದ್ದು ತಂದೆ. ಮೂರು ಮಧ್ಯಾಹ್ನ, ಮನೆಯವರು ಜಗಲಿಯ ಮೇಲೆ ಒರಗಿದ್ದಾಗ, ಕತ್ತಲೆ ಕೋಣೆಯ ಮೂಲೆಗೆ ನುಸುಳಿ, ತಳದ ಗಡಿಗೆಯ ಗೋಡೆಯ ಕಡೆಯ ಹೊಟ್ಟೆಗೆ ನೀರು ಹನಿಸುತ್ತಾ ಬೈರಿಗೆ ತಿರುವಿದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು. ಹೆಬ್ಬೆರಳು ಹೋಗುವಷ್ಟು ತೂತಾಯಿತು, ಕಾಳು ಸರಸರನೆ ಅಂಗೈಗೆ ಉದುರಿತು. ಹುರಿಯಲು ಎಲ್ಲಿಗೆ ಹೋಗಲಿ, ಹಸಿಯಾಗಿಯೇ ಕಡಿದೆ, ಕಹಿ. ಮಿಕ್ಕದ್ದನ್ನು ಮತ್ತೆ ಒಳಗೆ ತುರುಕಿ, ನನ್ನ ಹಸಿರು ಲಂಗದ ಅಂಚಿನಿಂದ ಒಂದು ಚೂರು ಹರಿದು ತೂತಿಗೆ ಗಿಡಿದು, ಮೇಲೆ ಒಂದಿಷ್ಟು ಮಣ್ಣು ಒರೆಸಿ ಎದ್ದುಬಂದೆ.

ಮುಂಗಾರಿನ ಎರಡು ಹದ ಮಳೆ ಬಿದ್ದ ಮೇಲೆ ಅಜ್ಜಿಯೂ ಚಿಕ್ಕಮ್ಮನೂ ಗಡಿಗೆಗಳನ್ನು ಇಳಿಸಿದರು. ಅಜ್ಜಿ ಮೆತ್ತಿದ್ದ ಮಣ್ಣನ್ನು ಒಡೆದು ಮುಚ್ಚಳ ಎತ್ತಿದಳು. ಮೊದಲು ಆ ವಾಸನೆ ಬಂತು. ಅವಳು ಮೊಣಕೈಯವರೆಗೂ ಒಳಗೆ ಕೈಹಾಕಿ, ಹಿಡಿ ಎತ್ತಿ, ಬೆಳಕಿಗೆ ಹಿಡಿದಳು. ಬೆರಳ ಸಂದಿಯಿಂದ ಬೂದಿಯಂಥ ಪುಡಿ ಉದುರಿತು, ಪುಡಿಯಲ್ಲಿ ಸಣ್ಣ ಕಂದು ಹುಳಗಳು ಹರಿದಾಡುತ್ತಿದ್ದವು. ಅಜ್ಜಿ ಗಡಿಗೆಯನ್ನು ತಾನೇ ತಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ತುಂಬ ಹೊತ್ತು ಬರಲಿಲ್ಲ. ನಾನು ತುಳಸಿಕಟ್ಟೆ ಸುತ್ತಿದೆ, ಬೀದಿ ತುದಿಯವರೆಗೂ ಓಡಿ ಬಂದೆ, ನೀರು ಕುಡಿದೆ, ಮತ್ತೆ ಓಡಿದೆ. ವಾಪಸು ಬಂದ ಅಜ್ಜಿ ಯಾರ ಮುಖವನ್ನೂ ನೋಡದೆ, "ನಾನೇ ಈ ಸಲ ಸರಿಯಾಗಿ ಮೆತ್ತಿರ್ಲಿಲ್ಲ ಕಣ್ಲಾ, ಕೈಲಿ ಶಕ್ತಿ ಇಲ್ಲ" ಎಂದು ಚಿಕ್ಕಪ್ಪನಿಗೆ ಹೇಳಿದಳು.

ಒಳ್ಳೆಯ ಕಾಳೇನಾದರೂ ಉಳಿದಿದೆಯೇ ಎಂದು ಅವಳು ಆ ಪುಡಿಯನ್ನೆಲ್ಲ ಮೊರದಲ್ಲಿ ಕೇರಿ, ನೀರಿಗೆ ಹಾಕಿ ಮುಳುಗಿದ್ದನ್ನು ಆರಿಸಿದಳು. ಎಂಟು ಕಾಳು ಸಿಕ್ಕವು. ಬಚ್ಚಲ ನೀರು ಹೋಗುವ ಕಡೆ ಊರಿದಳು. ಒಂದೂ ಮೊಳೆಯಲಿಲ್ಲ. ತವರಿಗೆ ಹೇಳಿ ಕಳಿಸಿದಳು, ಅವಳ ಅಣ್ಣನ ಮಕ್ಕಳು ಎಷ್ಟೋ ವರ್ಷದಿಂದ ಬರೀ ಕಡಲೆಕಾಯಿ ಹಾಕುತ್ತಿದ್ದರು, ಆ ಅವರೆ ಅಲ್ಲೂ ಇರಲಿಲ್ಲ. ಚಿಕ್ಕಪ್ಪ ಮಧುಗಿರಿ ಸಂತೆಯಿಂದ ಬೇರೆ ಬೀಜ ತಂದು ಬಿತ್ತಿದ. ಬೆಳೆ ಚೆನ್ನಾಗಿಯೇ ಬಂತು. ಅದರ ಮೊದಲ ಸಾರಿನ ದಿನ ಅಜ್ಜಿ ಮುದ್ದೆ ಮುರಿದು ಅದ್ದಿ, ಒಂದು ತುತ್ತು ನುಂಗಿ, ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು. ನಾನೇ ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದೆ. ನೀರು ಬೇಕು ಎಂದೆ.

ಮರುವರ್ಷ ಬೀಜ ತುಂಬುವ ದಿನ ಅಜ್ಜಿ ಕಲಸಿದ ಕೆಮ್ಮಣ್ಣಿನ ಉಂಡೆಯನ್ನು ನನ್ನ ಕೈಗೆ ಕೊಟ್ಟಳು. "ಇನ್ಮೇಲೆ ನೀನೇ ಮೆತ್ತು ಕಣಮ್ಮ. ನನ್ ಕೈಲಿ ಆಗಕ್ಕಿಲ್ಲ." ತಳದ ಗಡಿಗೆಗೆ ಈಗ ಬಿತ್ತನೆಯ ತೊಗರಿ. ಅದನ್ನು ಸಿಂಬೆಯ ಮೇಲೆ ಕೂರಿಸುವುದು ಮಾತ್ರ ಅವಳೇ, ಅದರ ಗೋಡೆಯ ಕಡೆಯ ಹೊಟ್ಟೆಯನ್ನು ನೋಡುವ ಧೈರ್ಯ ನನಗೂ ಇರಲಿಲ್ಲ. ನಾನು ಉಸಿರು ಬಿಗಿಹಿಡಿದು ಮೆತ್ತುವಾಗ ಅವಳು ಪಕ್ಕದಲ್ಲಿ ಕಾಲು ಚಾಚಿ ಕೂತು, ಇಲ್ಲಿ ತೆಳ್ಳಗಾಯ್ತು, ಅಲ್ಲಿ ಬಿರುಕು ಬುಟ್ಟೈತೆ ಎಂದು ತೋರಿಸುತ್ತಿದ್ದಳು. ಮುಗಿದ ಮೇಲೆ ಸೆರಗಿನಲ್ಲಿ ನನ್ನ ಕೈ ಒರೆಸುತ್ತಾ, "ಏನಾರ ಹೇಳಾದೈತೇನ್ಲೇ?" ಎನ್ನುತ್ತಿದ್ದಳು. "ಏನೂ ಇಲ್ಲ ಅಜ್ಜಿ" ಎಂದು ನಾನು ಎದ್ದು ಓಡುತ್ತಿದ್ದೆ. ಬೀಜ ಮತ್ತೆ ಕೆಡಲಿಲ್ಲ. ತೂತಿದ್ದೂ ಹೇಗೆ ಕೆಡಲಿಲ್ಲ ಎಂದು ಯೋಚಿಸದೆ, ಎಲ್ಲ ನನ್ನ ಕೈಗುಣ ಎಂದು ಬೀಗಿದೆ. ತುಮಕೂರಿನಲ್ಲಿ ಓದುವಾಗಲೂ ಆ ದಿನಕ್ಕೆ ತಪ್ಪದೆ ಊರಿಗೆ ಬರುತ್ತಿದ್ದೆ.

ಡಬ್ಬಕ್ಕೆ ಹುಳ ಬಂದ ಆ ವಾರವೇ ಚಿಕ್ಕಮ್ಮ ಫೋನ್ ಮಾಡಿದಳು. ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುತ್ತಿದ್ದಾರೆ, ಅಡಿಗೆಮನೆಗೆ ಗ್ರಾನೈಟ್ ಹಾಕಿಸುತ್ತಿದ್ದಾಳೆ, ನಿನ್ನ ಡಬ್ಬ ಒಂದು ಡಜನ್ ತಗೊಂಡು ಬಾ ಎಂದಳು. ಹೋದೆ. ಕತ್ತಲೆ ಕೋಣೆಗೆ ಸೂರಿರಲಿಲ್ಲ, ಮೂಲೆಗೆ ಮೊದಲ ಸಲ ಬಿಸಿಲು ಬಿದ್ದಿತ್ತು. ಮೇಲಿನ ಗಡಿಗೆಗಳೆಲ್ಲ ಎಂದೋ ಒಡೆದುಹೋಗಿ ತಳದ್ದೊಂದೇ ಸಿಂಬೆಯಿಲ್ಲದೆ ಓರೆಯಾಗಿ ಕೂತಿತ್ತು. ಅದನ್ನು ತಬ್ಬಿ ತಿರುಗಿಸಿದೆ. ನನ್ನ ತೂತು ಇರುವಲ್ಲಿ ಅಂಗೈಯಗಲ ಕೆಮ್ಮಣ್ಣಿನ ತೇಪೆ. ಒಳಗೆ ಕೈಹಾಕಿ ಸವರಿದೆ, ಒಳಗೂ ತೇಪೆ, ಅದರ ಮೇಲೆ ಅರಗು ಕರಗಿಸಿ ಹೊಯ್ದು ನುಣ್ಣಗೆ ಮಾಡಿದ್ದರು. ಉಗುರಲ್ಲಿ ಕೆರೆದಾಗ ಹೊರಗಿನ ಮಣ್ಣು ಉದುರಿ, ನಡುವೆ ಚೂರು ಬಟ್ಟೆ ಕಂಡಿತು. ಹಸಿರು, ಅದರ ಮೇಲೆ ಹಳದಿ ಚುಕ್ಕಿ. ಆ ಲಂಗದ ಬಟ್ಟೆಯನ್ನು ಶಿರಾದ ಅಂಗಡಿಯಲ್ಲಿ ಆರಿಸಿ ತಂದು, ತಾನೇ ಕೂತು ಕೈಹೊಲಿಗೆ ಹಾಕಿದ್ದವಳು ಅಜ್ಜಿ. ಬಟ್ಟೆಯನ್ನು ಕಿತ್ತು ಎಸೆಯದೆ ಅದರ ಎರಡೂ ಕಡೆ ಮೆತ್ತಿದ್ದಳು.

ನಾನು ಇಟ್ಟಿಗೆಯ ರಾಶಿಯ ಮೇಲೆ ಕೂತುಬಿಟ್ಟೆ. ಚಿಕ್ಕಮ್ಮ ಕಾಫಿ ತಂದಳು. ಇಷ್ಟು ವರ್ಷ ಆಡದ ಮಾತು ಅವಳಿಗೆ ಹೇಳಿದೆ, "ಚಿಕ್ಕಮ್ಮ, ಇದಕ್ಕೆ ತೂತು ಹಾಕಿದ್ದು ನಾನು."

ಅವಳು ಲೋಟ ನನ್ನ ಕೈಗಿಟ್ಟು, ಇದೇನು ಹೊಸ ಸುದ್ದಿಯೇ ಎನ್ನುವಂತೆ ನೋಡಿದಳು. "ಗೊತ್ತು ಕಣಮ್ಮ, ಮನೇರಿಗೆಲ್ಲ ಗೊತ್ತು. ಅವತ್ತೇ ಹಿತ್ಲಲ್ಲಿ ಅತ್ತೆ ಗಡಿಗೆ ತಿರುವಿ ನೋಡಿತ್ತು. ಕೂಸ್ನ ಯಾರೂ ಏನೂ ಕೇಳ್ಬ್ಯಾಡಿ, ಅದೇ ಬಂದು ನನ್ ತಾವ ಹೇಳ್ತೈತೆ ಅಂದ್ಬುಡ್ತು."

ಅಜ್ಜಿ ಅದಾದ ಮೇಲೆ ಹದಿಮೂರು ವರ್ಷ ಬದುಕಿದ್ದಳು. ಹದಿಮೂರು ವರ್ಷವೂ ಮೆತ್ತಿ ಮುಗಿದ ಮೇಲೆ ನನ್ನ ಕೈ ಒರೆಸುತ್ತಾ ಕೇಳಿದಳು. ಏನೂ ಇಲ್ಲ ಅಜ್ಜಿ, ಎಂದೆ.